ಆ ಚೀಲ ಯಾರ ಕೈಲಿತ್ತು?

ಗೋಡೆ ಮೇಲೆ ಕಾಣ್ತಿರೋ ಈ ಹಳದಿ ಚೀಟಿಗಳೆಲ್ಲ ಒಂದೇ ಕಾದಂಬರಿಯವು. ಕೊಲೆ ಮಾಡಿದ್ದು ಯಾರು ಅಂತ ನನಗೆ ಗೊತ್ತು, ಯಾಕೆ ಅಂತಾನೂ ಗೊತ್ತು. ಪೊಲೀಸರಿಗೆ ಹೇಗೆ ಗೊತ್ತಾಗಬೇಕು ಅನ್ನೋದೇ ತಲೆನೋವು. ಹಾಗಾಗಿ ಇವತ್ತಿನ ವ್ಲಾಗ್‌ನಲ್ಲಿ ಬರವಣಿಗೆ ಕಡಿಮೆ, ಓದು ಜಾಸ್ತಿ.

ಮೊದಲು ಸಾವಿನ ಸಮಯ. ಸೀರಿಯಲ್‌ನಲ್ಲಿ ಡಾಕ್ಟರು ಹೆಣದ ಕೈ ಮುಟ್ಟಿ ನೋಡಿ, "ರಾತ್ರಿ ಹನ್ನೊಂದೂಕಾಲಿಗೆ ಪ್ರಾಣ ಹೋಗಿದೆ" ಅಂದುಬಿಡ್ತಾರೆ. ವಿಧಿವಿಜ್ಞಾನದ ಪಠ್ಯಪುಸ್ತಕದಲ್ಲಿ ಅಷ್ಟು ಧೈರ್ಯ ಯಾರಿಗೂ ಇಲ್ಲ. ಮೈ ಸೆಟೆಯೋದು ಸಾಮಾನ್ಯವಾಗಿ ಸತ್ತ 2ರಿಂದ 4 ಗಂಟೆಯೊಳಗೆ ರೆಪ್ಪೆ, ದವಡೆಗಳಲ್ಲಿ ಗೊತ್ತಾಗುತ್ತೆ. ಸುಮಾರು 12 ಗಂಟೆ ಕಳೆಯೋ ಹೊತ್ತಿಗೆ ಮೈಯೆಲ್ಲ ಬಿಗಿದಿರುತ್ತೆ, ಆಮೇಲೆ ನಿಧಾನಕ್ಕೆ ಸಡಿಲ. ಸೆಕೆ ಇದ್ರೆ ಇದೆಲ್ಲ ಬೇಗ, ಚಳಿಯಲ್ಲಿ ತಡ. ಸಾಯೋ ಮುಂಚೆ ಓಡಿದ್ರೆ, ಹೊಡೆದಾಡಿದ್ರೆ ಇನ್ನೂ ಬೇಗ. ಅಂದ್ರೆ ವೈದ್ಯರು ಕೊಡೋದು ಅಂದಾಜಿನ ಒಂದು ಅವಧಿ ಮಾತ್ರ. ನನಗಂತೂ ಅದು ವರ. ಆ ಅವಧಿಯೊಳಗೆ ಇಬ್ಬರು ಶಂಕಿತರು ಆರಾಮಾಗಿ ಬಂದು ಹೋಗಬಹುದು.

ಇನ್ನೊಂದಿದೆ. ಹೃದಯ ನಿಂತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು, ಅಲ್ಲಿ ಚರ್ಮ ನೇರಳೆಯಾಗುತ್ತೆ. ಕೆಲವು ಗಂಟೆ ಕಳೆದ್ರೆ ಆ ಬಣ್ಣ ಜಾಗ ಬಿಡಲ್ಲ. ಹೆಣ ಬೋರಲಾಗಿ ಬಿದ್ದಿದೆ, ಬಣ್ಣ ಮಾತ್ರ ಬೆನ್ನಲ್ಲಿದೆ... ಯಾರೋ ಆಮೇಲೆ ಬಂದು ಹೊರಳಿಸಿದ್ದಾರೆ! ಐದನೇ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ.

ರಕ್ತದ ಕಲೆ ಹುಡುಕೋಕೆ ಸಿಂಪಡಿಸೋ ಲ್ಯೂಮಿನಾಲ್ ಬಗ್ಗೆ ಜಾಸ್ತಿ ಹೇಳಲ್ಲ. ಬ್ಲೀಚ್ ಸೋಕಿದ್ರೂ ಅದು ಹೊಳೆಯುತ್ತೆ. ನೀಲಿಯಾಗಿ ಹೊಳೆಯೋದೆಲ್ಲ ರಕ್ತ ಅಲ್ಲ.

ನನ್ನನ್ನ ಹಿಡಿದು ಕೂರಿಸಿದ್ದು ಒಂದು ಕಾಗದದ ಚೀಲ. ರಕ್ತ ಮೆತ್ತಿದ ಅಂಗಿಯನ್ನ ಒಣಗಿಸಿ ಕಾಗದದ ಚೀಲಕ್ಕೇ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತೆ, ಡಿಎನ್ಎ ಹಾಳಾಗುತ್ತೆ. ಆಮೇಲೆ ಸೀಲು, ಸಹಿ, ತಾರೀಕು, ಸಮಯ. ಕೊಟ್ಟವರು ಯಾರು, ತಗೊಂಡವರು ಯಾರು, ಪ್ರತಿ ಸಲ ಬರೆದಿಡಬೇಕು. ಇದಕ್ಕೇ ಚೈನ್ ಆಫ್ ಕಸ್ಟಡಿ ಅಂತಾರೆ. ನಡುವೆ ಒಂದು ಸಹಿ ತಪ್ಪಿದ್ರೂ ಸಾಕು, ಆರೋಪಿ ಪರ ವಕೀಲರು ಅಲ್ಲೇ ಕೈ ಹಾಕ್ತಾರೆ.

ದಾಖಲೆ ಎಲ್ಲಾ ಸರಿ ಇದ್ದೂ ಎಡವಬಹುದು. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಾಯ್ತು. ಅಲ್ಲಿ ಸಿಕ್ಕಿದ ಡಿಎನ್ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಹತ್ತಾರು ಪ್ರಕರಣಗಳಲ್ಲೂ ಸಿಕ್ಕಿತ್ತು. ಕೊಲೆ, ಕಳ್ಳತನ, ಎಲ್ಲದರಲ್ಲೂ ಅದೇ ಅಪರಿಚಿತ ಹೆಂಗಸಿನ ಡಿಎನ್ಎ. ಅವಳಿಗಾಗಿ ವರ್ಷಗಟ್ಟಲೆ ಹುಡುಕಾಟ. 2009ರಲ್ಲಿ ಹೊರಬಿದ್ದದ್ದೇನು ಗೊತ್ತಾ? ಆ ಡಿಎನ್ಎ, ಮಾದರಿ ತೆಗೆಯೋ ಹತ್ತಿಕಡ್ಡಿ ತಯಾರಿಸೋ ಕಡೆ ಕೆಲಸ ಮಾಡ್ತಿದ್ದ ಒಬ್ಬಾಕೆಯದು. ಶುದ್ಧಿ ಮಾಡಿದ್ರಿಂದ ಕಡ್ಡಿಗಳಲ್ಲಿ ಕ್ರಿಮಿ ಸತ್ತಿದ್ವು, ಡಿಎನ್ಎ ಮಾತ್ರ ಉಳಿದಿತ್ತು. ಇದನ್ನ ನಾನೇ ಕಟ್ಟಿ ಬರೆದಿದ್ರೆ ಸಂಪಾದಕರು "ನಂಬೋಕಾಗಲ್ಲ" ಅಂತ ಕೆಂಪು ಗೆರೆ ಎಳೀತಿದ್ರು.

ಇದನ್ನೆಲ್ಲ ಓದಿದ ಮೇಲೆ ನನ್ನ ಜಾಣ ಇನ್ಸ್‌ಪೆಕ್ಟರ್ ಸಾಹೇಬರು ಸ್ವಲ್ಪ ಹಿಂದೆ ಸರಿದಿದ್ದಾರೆ. ಕಥೆ ಈಗ ಸಾಕ್ಷ್ಯದ ಕೋಣೆಯ ಗುಮಾಸ್ತನದು. ಚೀಲ ಒಳಗಿಡೋನು, ಹೊರಗೆ ಕೊಡೋನು, ರಿಜಿಸ್ಟರ್ ಬರೆಯೋನು ಅವನೇ. ಅವನ ಹತ್ರ ಯಾರೂ ಕೂತು ಮಾತಾಡಲ್ಲ.

ನೀವೂ ಬರೀತಿದ್ರೆ, ಕಥೆ ನಡೆಯೋ ದೇಶ, ವರ್ಷ ಎರಡನ್ನೂ ಮೊದಲೇ ಗಟ್ಟಿ ಮಾಡ್ಕೊಳ್ಳಿ. ದೇಶ ಬದಲಾದ್ರೆ ಕಾನೂನು ಬದಲು. ಬ್ರಿಟನ್ನಿನ ವಿಜ್ಞಾನಿ ಅಲೆಕ್ ಜೆಫ್ರೀಸ್ ಡಿಎನ್ಎ ಬೆರಳಚ್ಚು, ಅಂದ್ರೆ ಡಿಎನ್ಎಯಿಂದ ವ್ಯಕ್ತಿಯನ್ನ ಗುರುತಿಸೋ ವಿಧಾನ, ಕಂಡುಹಿಡಿದದ್ದು 1984ರಲ್ಲಿ. ನಿಮ್ಮ ಕಥೆಯ ತನಿಖೆ 1980ರಲ್ಲಿ ನಡೆದಿದ್ರೆ ಆ ದಾರಿ ಬಂದ್.

ಮುಂದಿನ ವ್ಲಾಗ್‌ನಲ್ಲಿ ಒಬ್ಬ ನಿವೃತ್ತ ಅಧಿಕಾರಿ ಜೊತೆ ಮಾತು. "ಕೇಸ್ ಹೇಗೆ ಭೇದಿಸಿದ್ರಿ ಸಾರ್" ಅಂತ ಕೇಳಲ್ಲ, ಅದಕ್ಕೆ ಉತ್ತರ ಎಲ್ಲರ ಹತ್ರಾನೂ ರೆಡಿ ಇರುತ್ತೆ. ರಾತ್ರಿ ಆ ಕೋಣೆಯ ಬೀಗದ ಕೈ ಯಾರ ಹತ್ರ ಇರುತ್ತೆ? ಪಾಳಿ ಮುಗಿಯೋ ಹೊತ್ತಿಗೆ ಚೀಲ ಬಂದ್ರೆ ಸಹಿ ಯಾರದು? ಲ್ಯಾಬ್‌ಗೆ ಹೋಗೋ ದಾರಿಯಲ್ಲಿ ಗಾಡಿ ಕೆಟ್ಟುನಿಂತ್ರೆ ರಿಜಿಸ್ಟರ್‌ನಲ್ಲಿ ಏನಂತ ಬರೀತಾರೆ? ನಿಮಗೇನಾದ್ರೂ ಕೇಳೋದಿದ್ರೆ ಹೇಳಿ, ಇದೇ ಪಟ್ಟಿಗೆ ಸೇರಿಸ್ಕೋತೀನಿ.