ಹಿಂದಿನ ಚಕ್ರಕ್ಕೆ ಕಟ್ಟೆ ತಾಗಿದ ಮೇಲೆ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡು 25 ವರ್ಷ ದಾಟಿತು. ಅದಿರಿನ ಲಾರಿ, ಟ್ರ್ಯಾಕ್ಸ್, ಅಂಬಾಸಿಡರ್, ಇವುಗಳ ಕೆಳಗೆ ಮಲಗಿ ಕೆಲಸ ಕಲಿತವನು ನಾನು. ಕೈಯಲ್ಲಿ ಪಾನಾ ಇಲ್ಲದೆ ಮಾತಾಡಿ ಅಭ್ಯಾಸ ಇಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಈ ಸಲ ಮುಂಗಾರಿನ ಮೊದಲ ಮಳೆ ಬಂದ ಮರುದಿನ ಒಬ್ಬ ಹುಡುಗ ಗಾಡಿ ತಂದ. 2009ರ ಪೋರ್ಷೆ ಬಾಕ್ಸ್‌ಸ್ಟರ್. ಎರಡೇ ಸೀಟು, ಮಡಚುವ ಟಾಪು, ಎಂಜಿನ್ನು ಸೀಟಿನ ಬೆನ್ನಿಗೇ ಕೂತಿದೆ. ಗಣಿ ಜೋರಾಗಿದ್ದ ಕಾಲದಲ್ಲಿ ನಮ್ಮ ಬಳ್ಳಾರಿ, ಹೊಸಪೇಟೆ ಕಡೆ ಇಂಥ ಗಾಡಿಗಳು ಆಗಾಗ ಕಣ್ಣಿಗೆ ಬೀಳುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಬಹಳಷ್ಟು ಕೈ ಬದಲಾದವು. ಇದೂ ಹಾಗೆ ಮೂರನೇ ಕೈಗೆ ಬಂದ ಗಾಡಿ.

ಏನಾಯ್ತು ತಮ್ಮಾ ಅಂದೆ. ಬೈಪಾಸ್ ಸರ್ಕಲ್‌ನಲ್ಲಿ ಹಿಂದುಗಡೆ ಜಾರಿ ಫುಟ್‌ಪಾತ್ ಕಟ್ಟೆಗೆ ಬಡೀತು ಅಣ್ಣಾ ಅಂದ. ಮಾರ್ಚ್‌ನಿಂದ ಮೇವರೆಗೆ ರಸ್ತೆ ಮೇಲೆ ಕೂತ ಕೆಂಪು ಧೂಳು, ಲಾರಿಗಳಿಂದ ಸೋರಿದ ಡೀಸೆಲ್ಲು, ಅದರ ಮೇಲೆ ಹತ್ತು ನಿಮಿಷ ಮಳೆ. ಆ ರಸ್ತೆ ಸೋಪು ಹಚ್ಚಿದ ಹಾಗಿರುತ್ತೆ. ಗಾಡಿ ಜಾರದ ಹಾಗೆ ಕಾಯೋಕೆ ಒಂದು ಕಂಪ್ಯೂಟರ್ ಇದೆ, ಅದನ್ನು ಈ ಮಹಾಶಯ ಬಟನ್ ಒತ್ತಿ ಆಫ್ ಮಾಡಿದ್ದ. ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವಾಗ ಸ್ಪೀಡು ಜಾಸ್ತಿ ಆಯ್ತು ಅಂತ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿದ್ದಾನೆ. ಕಾಲು ತೆಗೆದ ಕೂಡಲೇ ಭಾರವೆಲ್ಲ ಮುಂದಕ್ಕೆ ಬರುತ್ತೆ, ಹಿಂದಿನ ಟೈರು ಹಗುರಾಗಿ ಹಿಡಿತ ಬಿಡುತ್ತೆ. ಎಂಜಿನ್ನು ನಡುವೆ ಇರೋ ಗಾಡಿ ಬುಗುರಿ ಇದ್ದ ಹಾಗೆ, ತಿರುಗೋಕೆ ಶುರುವಾದರೆ ಬೇಗ ತಿರುಗುತ್ತೆ. ಹೊರಗಡೆಯ ಎಡ ಹಿಂಚಕ್ರ ಕಟ್ಟೆಗೆ ಅಡ್ಡಡ್ಡ ಬಡಿದಿದೆ.

ಅವನು ನೇರ ನನ್ನ ಹತ್ತಿರ ಬಂದಿರಲಿಲ್ಲ. ಮೊದಲು ಒಂದು ಅಲೈನ್‌ಮೆಂಟ್ ಅಂಗಡಿಗೆ, ಅಂದರೆ ಚಕ್ರಗಳ ದಿಕ್ಕು ಅಳೆದು ಸರಿ ಮಾಡುವ ಕಡೆ ಹೋಗಿದ್ದ. ಯಾವುದು ಅಂತ ಹೇಳಲ್ಲ, ಬಿಡಿ. ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ ಅಂದಿದ್ದಕ್ಕೆ ಅವರು ಸ್ಟೇರಿಂಗನ್ನು ಮುಂದಿನ ಚಕ್ರಗಳಿಗೆ ಸೇರಿಸುವ ಟೈ ರಾಡ್ ಕಂಬಿ ತಿರುಗಿಸಿ ಸ್ಟೇರಿಂಗ್ ನೆಟ್ಟಗೆ ಮಾಡಿ ದುಡ್ಡು ತಗೊಂಡು ಕಳಿಸಿದ್ದರು. ಪೆಟ್ಟು ಬಿದ್ದಿದ್ದು ಹಿಂದೆ, ರಿಪೇರಿ ಆಗಿದ್ದು ಮುಂದೆ! ಹಲ್ಲು ನೋವು ಅಂತ ಹೋದವನಿಗೆ ಕನ್ನಡಕ ಕೊಟ್ಟು ಕಳಿಸಿದ ಹಾಗಾಯ್ತು. ಗಾಡಿ ಈಗ ಸ್ಟೇರಿಂಗ್ ನೆಟ್ಟಗಿಟ್ಟುಕೊಂಡೇ ಏಡಿ ಥರ ಓರೆಯಾಗಿ ಹೋಗುತ್ತಿತ್ತು. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದಿದ್ದು ಇದೇ. ನಾಲ್ಕು ಚಕ್ರದಲ್ಲಿ ಯಾವುದಕ್ಕೆ ಪೆಟ್ಟು ಬಿದ್ದಿರಲಿ, ಅಳತೆ ಹಿಂದಿನಿಂದ ಶುರುವಾಗಬೇಕು. ಗಾಡಿ ಯಾವ ಕಡೆ ಹೋಗಬೇಕು ಅಂತ ತೀರ್ಮಾನ ಮಾಡೋದು ಹಿಂದಿನ ಎರಡು ಚಕ್ರ, ಮುಂದಿನವು ಅದಕ್ಕೆ ಹೊಂದಿಕೊಳ್ಳುತ್ತವೆ ಅಷ್ಟೆ.

ನಾನು ಮೊದಲು ಮೆಷಿನ್ ಹತ್ತಿರ ಹೋಗಲ್ಲ. ದಾರ ಕಟ್ಟುತ್ತೇನೆ. ಗಾಡಿಯ ಎರಡೂ ಬದಿಗೆ ಎರಡೆರಡು ಸ್ಟ್ಯಾಂಡು, ಚಕ್ರದ ನಡುಭಾಗದ ಎತ್ತರಕ್ಕೆ ಉದ್ದಕ್ಕೂ ದಾರ. ಎರಡು ದಾರವೂ ಗಾಡಿಯ ನಡುಗೆರೆಗೆ ಸಮಾಂತರ ಇರಬೇಕು, ಅದಕ್ಕೇ ಅರ್ಧ ಗಂಟೆ ಹಿಡಿಯುತ್ತೆ. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ನೋಡೋದು. ಇದಕ್ಕೆ ಟೋ ಅಂತಾರೆ. ನಾವು ನಿಂತಾಗ ಪಾದ ಒಳಕ್ಕೋ ಹೊರಕ್ಕೋ ತಿರುಗಿರುತ್ತಲ್ಲ, ಹಾಗೇ. ಬಲಗಡೆ ಚಕ್ರ ಸರಿಯಾಗಿತ್ತು. ಎಡಗಡೆ 8 ಮಿಲಿಮೀಟರ್ ಫರಕು ಬಂತು. ರಿಮ್ಮೇ ಬಾಗಿದ್ದರೆ? ಅದಕ್ಕೂ ಉಪಾಯ ಇದೆ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಬಾಗಿದ್ದು ರಿಮ್ಮಾದರೆ ಲೆಕ್ಕ ಬದಲಾಗುತ್ತೆ, ಚಕ್ರವನ್ನು ಬಾಡಿಗೆ ಹಿಡಿದಿಡುವ ಒಳಗಿನ ಆರ್ಮ್ ಆದರೆ ಬದಲಾಗಲ್ಲ. ಇಲ್ಲಿ ಮತ್ತೆ 8 ಬಂತು.

18 ಇಂಚಿನ ರಿಮ್ಮಿಗೆ 8 ಮಿಲಿಮೀಟರ್ ಅಂದರೆ ಒಂದು ಡಿಗ್ರಿ. ಒಂದೇ ಡಿಗ್ರಿ ಅಲ್ವಾ ಅಂದ ಹುಡುಗ. ಲೆಕ್ಕ ಹಾಕಿ ತೋರಿಸಿದೆ. ಚಕ್ರ ಒಂದು ಡಿಗ್ರಿ ಸೊಟ್ಟ ಇದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡ ಉಜ್ಜುತ್ತೆ. ಬಳ್ಳಾರಿಯಿಂದ ಹೊಸಪೇಟೆ 60 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ, ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ರಬ್ಬರನ್ನು ರಸ್ತೆಗೆ ತೇಯ್ದ ಹಾಗೆ. ಆ ಒಂದು ಕಿಲೋಮೀಟರನ್ನು ಹಿಂದಿನ ಎರಡೂ ಟೈರು ಹಂಚಿಕೊಳ್ಳುತ್ತವೆ, ಅಂದರೆ ತಪ್ಪು ಮಾಡದ ಬಲಗಡೆಯದೂ ಸವೆಯುತ್ತೆ.

ಗಾಡಿ ಎಷ್ಟು ತಗ್ಗು ಅಂದರೆ ಜಾಕಿ ತೂರಿಸೋಕೂ ಜಾಗ ಇಲ್ಲ. ಟೈರ್ ಕೆಳಗೆ ಹಲಗೆ ಇಟ್ಟು ಹತ್ತಿಸಿದ ಮೇಲೆಯೇ ಜಾಕಿ. ಕೆಳಗೆ ಹೋಗಿ ನೋಡಿದರೆ ಟೋ ಹಿಡಿದಿಡುವ ತೆಳು ಲಿಂಕು ಬೆರಳು ದಪ್ಪದಷ್ಟು ಬಾಗಿದೆ. ಅದನ್ನು ಬಿಚ್ಚಿ ಹೊಸದರ ಪಕ್ಕ ಇಟ್ಟು ತೂತಿನಿಂದ ತೂತಿಗೆ ಅಳೆದಾಗ ಗಿಡ್ಡ ಆಗಿದ್ದು ಬರೀ 2 ಮಿಲಿಮೀಟರ್. ಆ ಎರಡೇ ಮಿಲಿಮೀಟರು ರಿಮ್ಮಿನ ಅಂಚಿನಲ್ಲಿ ಎಂಟಾಗಿ ಕೂತಿತ್ತು. ಕೆಳಗಿನ ದಪ್ಪ ಆರ್ಮ್‌ನಲ್ಲೂ ಚಕ್ರದ ಕಡೆಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಹತ್ತಿರ ಕೂದಲೆಳೆಯಷ್ಟು ಬಿರುಕು. ಬೆರಳಿಗೆ ಸಿಗಲಿಲ್ಲ, ಸೀಮೆಎಣ್ಣೆಯಿಂದ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದಾಗ ಗೆರೆ ಕಂಡಿತು. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಒಳಗಿನ ಎಳೆ ಹರಿದಿದೆ ಅಂತ ಅರ್ಥ, ಅಂಥ ಟೈರನ್ನು ಸ್ಟೆಪ್ನಿಗೂ ಇಡಬಾರದು.

ಇಲ್ಲೊಂದು ವಾದ ನಡೆಯಿತು. ಹುಡುಗನ ಮಾವ ಜೊತೆಗೆ ಬಂದಿದ್ದರು, ಹಳೇ ಲಾರಿ ಮಾಲೀಕರು. "ಇಷ್ಟು ದುಡ್ಡು ಯಾಕೆ ಹಾಕ್ತೀರಿ, ಗ್ಯಾಸ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿ" ಅಂದರು. ಅವರ ತಪ್ಪಲ್ಲ. ಲಾರಿಯ ಕಮಾನು ಪಟ್ಟಿ ಬಡಿಸಿ ಬಡಿಸಿ ಓಡಿಸಿದ ಊರು ನಮ್ಮದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಉಕ್ಕು ಕಾಯಿಸೋದನ್ನು ದಿನಾ ನೋಡೋ ಜನ. ಆದರೆ ಈ ಆರ್ಮ್ ಅಲ್ಯೂಮಿನಿಯಂ. ಉಕ್ಕು ಕಾದರೆ ಕೆಂಪಾಗಿ ಹೇಳುತ್ತೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ ಮೆತ್ತಗಾಗುತ್ತೆ. ಕಾಯಿಸಿದರೆ ಗಟ್ಟಿತನ ಹೋಗುತ್ತೆ, ತಣ್ಣಗಿದ್ದಾಗ ಬಡಿದರೆ ಒಳಗೆ ಬಿರುಕು ಬಿಡುತ್ತೆ. ಮಾವನವರಿಗೆ ಆ ಸೀಮೆಸುಣ್ಣದ ಗೆರೆ ತೋರಿಸಿದೆ. ಸುಮ್ನೆ ಆದರು. ಸಾಮಾನು ಬೆಂಗಳೂರಿನ ಮೂಲಕ ತರಿಸಿ ಬರೋಕೆ ಮೂರು ವಾರ ಆಯ್ತು, ಬಿಲ್ಲು ನೋಡಿ ಒಂದು ಜೋಡಿ ಎತ್ತು ಬರುತ್ತಿತ್ತಲ್ಲ ಅಂತ ಅವರೇ ಅಂದರು.

ಹೊಸದು ಹಾಕುವ ಮೊದಲು ಬಾಡಿಯಲ್ಲಿ ಆರ್ಮ್ ಕೂರುವ ಜಾಗಗಳನ್ನು ಮೂಲೆಯಿಂದ ಮೂಲೆಗೆ ಅಳೆದೆ. ಎರಡು ಕಡೆಯೂ ಸಮ ಇತ್ತು. ಅಬ್ಬಾ ಅನ್ನಿಸಿತು, ಅಲ್ಲಿ ಹೋಗಿದ್ದರೆ ಕೆಲಸವೇ ಬೇರೆ. ತೆಳು ಲಿಂಕು ತಾನು ಬಾಗಿ ಬಾಡಿಯನ್ನು ಉಳಿಸಿತ್ತು.

ಫಿಟ್ ಮಾಡುವಾಗ ಎಲ್ಲರೂ ಮಾಡುವ ಒಂದು ತಪ್ಪಿದೆ, ನಾನೂ ಮಾಡಿದ್ದೇನೆ. ಚಕ್ರ ನೇತಾಡುತ್ತಿರುವಾಗಲೇ ಆರ್ಮ್ ತುದಿಯಲ್ಲಿರುವ ರಬ್ಬರ್ ಕೊಳವೆ, ಅಂದರೆ ಬುಷ್ಷಿನ ಬೋಲ್ಟು ಬಿಗಿ ಮಾಡೋದು. ರಬ್ಬರ್ ಬುಷ್ ತಿರುಗಲ್ಲ, ತಿರುಚಿಕೊಳ್ಳುತ್ತೆ. ಗಾಡಿ ಮೇಲಿದ್ದಾಗ ಬಿಗಿ ಮಾಡಿ ಕೆಳಗಿಳಿಸಿದರೆ ನಿಂತಲ್ಲೇ ತಿರುಚಿಕೊಂಡಿರುತ್ತೆ, ಮೇಲೆ ಗುಂಡಿಗಳು ಬೇರೆ. ವರ್ಷಗಳ ಹಿಂದೆ ಒಬ್ಬ ಡಾಕ್ಟರ ಗಾಡಿಗೆ ಹೀಗೆ ಮಾಡಿ ಆರು ತಿಂಗಳಲ್ಲಿ ಬುಷ್ ಹರಿದು ನನ್ನ ಕೈಯಿಂದ ದುಡ್ಡು ಹಾಕಿ ಬದಲಾಯಿಸಿಕೊಟ್ಟೆ. ಈಗ ಬೋಲ್ಟು ಸಡಿಲ ಬಿಟ್ಟು, ಚಕ್ರದ ಕೆಳಗೆ ಹಲಗೆ ಇಟ್ಟು ಇಳಿಸಿ, ಗಾಡಿಯ ಪೂರ್ತಿ ಭಾರ ಬಿದ್ದ ಮೇಲೆ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿಯುತ್ತೇನೆ. ಕೆಳಗೆ ತೂರಿಕೊಂಡು ಒಂದು ಕೈಯಲ್ಲಿ ಅಷ್ಟು ದೊಡ್ಡ ರೆಂಚು ಎಳೆಯೋದು ಅಂದರೆ ಬಳ್ಳಾರಿ ಬಿಸಿಲಲ್ಲಿ ಬೇರೆ ಸ್ನಾನ ಬೇಡ.

ಕೊನೆಗೆ ನಾಲ್ಕು ಚಕ್ರ ಅಳೆಯುವ ಮೆಷಿನ್ ಇದ್ದ ಕಡೆ ಹೋಗಿ, ಹಿಂದಿನದು ಮೊದಲು, ಮುಂದಿನದು ಆಮೇಲೆ ಸರಿ ಮಾಡಿಸಿದೆವು. ಬೆಳಿಗ್ಗೆ ಐದೂವರೆಗೆ ಹೊಸಪೇಟೆ ರಸ್ತೆಯಲ್ಲಿ ಓಡಿಸಿದೆ. ಗಾಡಿ ದಾರದ ಹಾಗೆ ಹೋಯಿತು.

ಒಂದು ಮಾತು ಮಾತ್ರ ಅವನು ಕೇಳಿರಲಿಲ್ಲ. ಅಡ್ಡ ಪೆಟ್ಟು ಬಿದ್ದಾಗ ವೀಲ್ ಬೇರಿಂಗ್ ಒಳಗೆ ಗುಂಡುಗಳು ಬಳೆಗೆ ಬಡಿದು ಸಣ್ಣ ಗುಳಿ ಬೀಳುತ್ತವೆ, ಅವತ್ತೇ ಗೊತ್ತಾಗಲ್ಲ, ಈಗಲೇ ಬದಲಾಯಿಸು ತಮ್ಮಾ ಅಂದಿದ್ದೆ. ಶಬ್ದ ಇಲ್ವಲ್ಲ ಅಣ್ಣಾ, ಆಮೇಲೆ ನೋಡೋಣ ಅಂದಿದ್ದ. ಮೊನ್ನೆ ಫೋನ್ ಬಂತು. ಅರವತ್ತು ದಾಟಿದರೆ ಹಿಂದುಗಡೆ ಹಿಟ್ಟಿನ ಗಿರಣಿ ಥರ ಸದ್ದು ಅಂತೆ. ಬಲಕ್ಕೆ ತಿರುಗಿಸಿದಾಗ ಜಾಸ್ತಿ ಆಗುತ್ತಾ ಅಂದೆ. ಹೌದಣ್ಣಾ, ನಿಮಗೆ ಹೇಗೆ ಗೊತ್ತಾಯ್ತು ಅಂದ. ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಬೀಳುತ್ತಲ್ಲಪ್ಪಾ ಅಂದೆ. ಗಾಡಿ ಈಗ ಮತ್ತೆ ನಮ್ಮ ಶೆಡ್ಡಿನಲ್ಲೇ ಹಲಗೆ ಮೇಲೆ ನಿಂತಿದೆ, ನಾಳೆ ಬೇರಿಂಗ್ ಪ್ರೆಸ್ ಮಾಡಬೇಕು. ಬರ್ತೀನಿ, ನಮಸ್ಕಾರ.