ಮಾನಿಟರಿನಲ್ಲಿ ಕನ್ನಡ ಅಕ್ಷರ ಮಸುಕಾಗಿದೆಯೇ? ಸರಿಪಡಿಸುವ ಕ್ರಮ

[ಪರದೆಯ ಮೇಲೆ ದೊಡ್ಡದಾಗಿ: ದ – ಧ, ಪ – ಫ]

ನಮಸ್ಕಾರ. ಈ ಎರಡು ಜೋಡಿ ಅಕ್ಷರಗಳನ್ನು ಗಮನಿಸಿ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಸಾಮಾನ್ಯ ಗಾತ್ರದ ಬರಹದಲ್ಲಿ ಆ ಸೀಳಿಗೆ ಪರದೆಯ ಒಂದೆರಡು ಚುಕ್ಕೆಗಳಷ್ಟೇ, ಅಂದರೆ ಒಂದೆರಡು ಪಿಕ್ಸೆಲ್‌ಗಳಷ್ಟೇ ಜಾಗ ಸಿಗುತ್ತದೆ. ಇಂಗ್ಲಿಷ್ ಓದಲು ಸಾಕೆನಿಸುವ ಮಾನಿಟರ್ ಕನ್ನಡಕ್ಕೆ ಸಾಲದೆ ಹೋಗುವುದು ಇಲ್ಲಿಯೇ; ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ಆದ್ದರಿಂದ ಒಂದು ಕನ್ನಡ ಪುಟವನ್ನು ತೆರೆದಿಟ್ಟುಕೊಂಡೇ ಮುಂದಿನ ಹೊಂದಾಣಿಕೆಗಳನ್ನು ಮಾಡಿ.

ಮೊದಲು ರೆಸಲ್ಯೂಶನ್, ಅಂದರೆ ಪರದೆಯ ಪಿಕ್ಸೆಲ್‌ಗಳ ಲೆಕ್ಕ. ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್‌ಗಳಿರುತ್ತವೆ. ಅಕ್ಷರ ದೊಡ್ಡದಾಗಲೆಂದು ಇದನ್ನು 1366 × 768ಕ್ಕೆ ಇಳಿಸಿದರೆ, ಕಂಪ್ಯೂಟರ್ ಕಳಿಸುವ ಒಂದೊಂದು ಚುಕ್ಕೆಯನ್ನೂ ಮಾನಿಟರ್ ಸುಮಾರು 1.4 ಪಿಕ್ಸೆಲ್‌ಗಳ ಮೇಲೆ ಹರಡಬೇಕಾಗುತ್ತದೆ. ಪೂರ್ಣ ಪಿಕ್ಸೆಲ್‌ಗೆ ಹೊಂದದ ಅಂಚುಗಳು ಬೂದು ಬಣ್ಣಕ್ಕೆ ತಿರುಗಿ, ಸೀಳು ಮುಚ್ಚಿಹೋಗುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವ ರೆಸಲ್ಯೂಶನ್ ಅನ್ನೇ ಉಳಿಸಿಕೊಂಡು, ಸ್ಕೇಲ್ ಅನ್ನು ಶೇ. 125ಕ್ಕೆ ಏರಿಸಿ. ಆಗ ಅಕ್ಷರ ದೊಡ್ಡದಾಗುವುದಲ್ಲದೆ, ಅದನ್ನು ರೂಪಿಸಲು ಹೆಚ್ಚು ಪಿಕ್ಸೆಲ್‌ಗಳೂ ದೊರೆಯುತ್ತವೆ.

ಅನಂತರ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಒಪ್ಪುವುದನ್ನು ಆರಿಸಿ. ಪ್ರತಿ ಪಿಕ್ಸೆಲ್‌ನೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಮಾನ್ಯವಾಗಿ ಅಕ್ಕಪಕ್ಕದಲ್ಲಿರುತ್ತವೆ. ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚನ್ನು ನಯಗೊಳಿಸುತ್ತದೆ. ಆದರೆ ಪಟ್ಟಿಗಳು ಅಕ್ಕಪಕ್ಕದಲ್ಲಿರುವುದರಿಂದ ಈ ಸೂಕ್ಷ್ಮತೆ ಅಡ್ಡ ದಿಕ್ಕಿನಲ್ಲಿ ಮಾತ್ರ ಸಿಗುತ್ತದೆ. ಕೆಳಗಡೆ ಕೂರುವ ಒತ್ತಿಗೆ ಬೇಕಾದ ಎತ್ತರವನ್ನು ಅದು ಕೊಡಲಾರದು. ಕನ್ನಡ ಓದುಗರಿಗೆ ಸ್ಕೇಲ್ ಮುಖ್ಯವೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

[ಪರದೆಯ ಮೇಲೆ: ಬಿಳಿ ಅಂಚು ಮೂಡಿದ ಅಕ್ಷರ]

ಮಾನಿಟರಿನ ಗುಂಡಿಗಳಲ್ಲಿ ಸಿಗುವ ಶಾರ್ಪ್‌ನೆಸ್ ಅನ್ನು ಅತಿಯಾಗಿ ಏರಿಸಿದರೆ ಅಕ್ಷರದ ಸುತ್ತ ಹೀಗೆ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಮಾಯವಾಗುವವರೆಗೆ ಇಳಿಸಿ. ಹಳೆಯ ವಿಜಿಎ ಕೇಬಲ್ ಬಳಸುವವರು ‘ಆಟೊ ಅಡ್ಜಸ್ಟ್’ ಒತ್ತಬೇಕು. ಸಾಧ್ಯವಿದ್ದರೆ ಎಚ್‌ಡಿಎಂಐಗೆ ಬದಲಾಗುವುದೇ ಒಳ್ಳೆಯದು.

ಇನ್ನು ಬಣ್ಣ. ಮಾನಿಟರನ್ನು ಅರ್ಧ ಗಂಟೆ ಚಾಲನೆಯಲ್ಲಿಟ್ಟು, ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಇದ್ದರೆ ಆಫ್ ಮಾಡಿ, ಪರದೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಹಿಡಿಯಿರಿ. ಪರದೆಯ ಬಿಳಿ ದೀಪದಂತೆ ಹೊಳೆಯದೆ, ಹಾಳೆಯಷ್ಟೇ ಬೆಳಗುವವರೆಗೆ ಬ್ರೈಟ್‌ನೆಸ್ ತಗ್ಗಿಸಿ. ಬಳಿಕ ಮಾನಿಟರಿನ ಮೆನುವಿನಲ್ಲಿ ಕಲರ್ ಟೆಂಪರೇಚರ್ (ಬಿಳಿ ಹಳದಿಗೆ ಅಥವಾ ನೀಲಿಗೆ ವಾಲುವ ಪ್ರಮಾಣ) 6500 ಕೆಲ್ವಿನ್, ಗಾಮಾ (ಕಪ್ಪು ಬಿಳಿಗಳ ನಡುವಿನ ಛಾಯೆಗಳು ಎಷ್ಟು ಬೆಳಗಬೇಕೆಂಬ ಅಳತೆ) 2.2 ಇರಲಿ. ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನೇ ಆರಿಸಿ: 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಈ ಬಣ್ಣದ ಅಳತೆಯನ್ನೇ ಜಾಲತಾಣಗಳ ಬಹುಪಾಲು ಚಿತ್ರಗಳು ಅನುಸರಿಸುತ್ತವೆ.

‘ವಿವಿಡ್’ ಮೋಡ್ ಮೊದಲ ನೋಟಕ್ಕೆ ಸೊಗಸೆನಿಸಬಹುದು. ಆದರೆ ಇಳಕಲ್ ಸೀರೆಯ ಕೆಂಪು ಸೆರಗಿನ ಚಿತ್ರವನ್ನು ಅದರಲ್ಲಿ ತೆರೆದರೆ ಕೆಂಪೆಲ್ಲ ಒಂದೇ ಮುದ್ದೆಯಾಗಿ, ನೇಯ್ಗೆಯ ಎಳೆಗಳು ಕಾಣದಾಗಬಹುದು. ಸೀರೆಯ ಚಿತ್ರ ನೋಡಿ ಕೊಳ್ಳುವವರಿಗೂ ಮಾರುವವರಿಗೂ ಇದು ಸಣ್ಣ ವಿಷಯವಲ್ಲ.

ಎಸ್‌ಆರ್‌ಜಿಬಿ ಮೋಡ್‌ನಲ್ಲಿ ಕೆಲವು ಮಾನಿಟರ್‌ಗಳು ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಹಾಗಿದ್ದರೆ ‘ಯೂಸರ್’ ಮೋಡ್‌ಗೆ ಹೋಗಿ, ಅದೇ ಹಾಳೆಯನ್ನು ಮತ್ತೆ ಪಕ್ಕದಲ್ಲಿ ಹಿಡಿದು ಹೊಂದಿಸಿಕೊಳ್ಳಿ.