ಒಂದು ಮೌಸ್‌ಗೋಸ್ಕರ ಮನೆಮಂದಿಯನ್ನೆಲ್ಲ ಎಬ್ಬಿಸಬೇಡಿ

ನಮಸ್ಕಾರ, ಮಡಿಕೇರಿಯಿಂದ. ಹೊರಗೆ ಕಕ್ಕಡದ ಮಳೆ. ತಗಡಿನ ಮೇಲೆ ಬೀಳುವ ಸದ್ದು ಕೇಳಿದರೆ ಸಹಿಸಿಕೊಳ್ಳಿ, ಅದನ್ನೆಲ್ಲ ಎಡಿಟ್ ಮಾಡುವ ತಾಳ್ಮೆ ನನಗಿಲ್ಲ.

ಹೋದ ವಾರ ಯಾಕೆ ಎಪಿಸೋಡ್ ಬರಲಿಲ್ಲ ಅಂತ ತುಂಬಾ ಜನ ಕೇಳಿದಿರಿ. ತುಂಬಾ ಅಂದರೆ ನಾಲ್ಕು ಜನ. ಆಗಿದ್ದು ಇಷ್ಟು. ರಿಟೈರ್ ಆದ ಎಸ್ಟೇಟ್ ರೈಟರ್ ಒಬ್ಬರು, ಅಂದರೆ ತೋಟದ ಲೆಕ್ಕ ಬರೆಯುವವರು, ಬಂದಿದ್ದರು. ಕೊಡೆ ಇದ್ದರೂ ಪ್ಯಾಂಟ್ ಮೊಣಕಾಲವರೆಗೆ ಒದ್ದೆ. ಕಾಫಿ ಕುಯ್ಲಿನ ಕಥೆ ನಲವತ್ತು ನಿಮಿಷ ಹೇಳಿದರು. ಮುಗಿಸಿ ನೋಡಿದರೆ ಫೈಲೇ ಇಲ್ಲ! ರೆಕಾರ್ಡ್ ಬಟನ್ ಒತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಮೌಸ್ ಮಲಗಿತ್ತು. ನನ್ನ ಕ್ಲಿಕ್ ಅದನ್ನು ಎಬ್ಬಿಸುವುದಕ್ಕೇ ಖರ್ಚಾಯಿತು.

ತಪ್ಪು ನನ್ನದೂ ಇದೆ. ನನ್ನ ಲ್ಯಾಪ್‌ಟಾಪ್ ಓಡುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ. ಅದು ತಾನಾಗಿ ಸಾಮಾನ್ಯವಾಗಿ ಮೌಸ್‌ನ ತಂಟೆಗೆ ಹೋಗುವುದಿಲ್ಲ. ನಾನೇ ಬ್ಯಾಟರಿ ಉಳಿಸುವ ಒಂದು ಟೂಲ್ ಹಾಕಿ, ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದೆ. ಆಮೇಲೆ ಎರಡು ಸೆಕೆಂಡ್ ಕೈ ಬಿಟ್ಟರೆ ಸಾಕು, ಮೌಸ್‌ಗೆ ನಿದ್ದೆ.

ಇದನ್ನು ಹೇಳಿಕೊಂಡಿದ್ದಕ್ಕೆ ಒಬ್ಬ ಮಹಾನುಭಾವರ ಕಾಮೆಂಟ್ ಬಂತು. 'ಬೂಟ್ ಲೈನ್‌ನಲ್ಲಿ ಆಟೋಸಸ್ಪೆಂಡ್ ಮೈನಸ್ ಒಂದು ಅಂತ ಹಾಕಿ ಬ್ರೋ, ಕಥೆ ಮುಗೀತು.' ಬೂಟ್ ಲೈನ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ಲಿನಕ್ಸ್‌ಗೆ ಕೊಡುವ ಸೂಚನೆಗಳ ಸಾಲು. ಆಟೋಸಸ್ಪೆಂಡ್ ಅಂದರೆ ಸುಮ್ಮನಿರುವ ಸಾಧನ ತಾನಾಗಿ ಮಲಗುವುದು. ಮೈನಸ್ ಒಂದು ಅಂದರೆ ಏನು ಗೊತ್ತಾ? ಯಾವ ಯುಎಸ್‌ಬಿ ಸಾಧನವೂ ಮಲಗಬಾರದು ಅಂತ. ಕ್ಯಾಮೆರಾ, ಬ್ಲೂಟೂತ್, ನಾನು ಒಂದು ದಿನವೂ ಮುಟ್ಟದ ಬೆರಳಚ್ಚು ರೀಡರ್, ಎಲ್ಲವೂ ಕಣ್ಣು ಬಿಟ್ಟುಕೊಂಡು ಕೂತಿರಬೇಕು. ಒಂದು ಮೌಸ್‌ಗೋಸ್ಕರ!

ರೈಟರ್ ಅಂಕಲ್ ಹೇಳಿದ್ದು ರೆಕಾರ್ಡ್ ಆಗದಿದ್ದರೂ ನನಗೆ ನೆನಪಿದೆ. ಸಂಜೆ ಕುಯ್ಲಿನವರು ಮೂಟೆ ತಂದು ಸಾಲಾಗಿ ಇಡುತ್ತಾರೆ. ಒಂದೊಂದೇ ತೂಗಿ ಪುಸ್ತಕದಲ್ಲಿ ಬರೆಯಬೇಕು. ಕೊನೆಯ ಮೂಟೆ ತೂಗುವ ತನಕ ರೈಟರ್ ಮನೆಗೆ ಹೋಗುವ ಹಾಗಿಲ್ಲ. ರೈಟರ್ ಹೊರಡುವ ತನಕ ಗೋದಾಮಿಗೆ ಬೀಗ ಇಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೂ ಇದೇ ಲೆಕ್ಕ. ಪ್ರತಿ ಸಾಧನಕ್ಕೂ ಒಂದು ಎಣಿಕೆ ಇರುತ್ತದೆ. ಯಾರಾದರೂ ಬಳಸಲು ಶುರು ಮಾಡಿದರೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದರೆ ಮಲಗಬಹುದು. ಕೆಳಗಿನವೆಲ್ಲ ಮಲಗಿದ ಮೇಲೆ ಅವನ್ನು ಜೋಡಿಸಿರುವ ಹಬ್, ಆಮೇಲೆ ಅದರ ಮೇಲೆ ಕೂತು ಯುಎಸ್‌ಬಿ ನಡೆಸುವ ಕಂಟ್ರೋಲರ್. ಏಳುವಾಗ ಉಲ್ಟಾ, ಮೇಲಿನವರು ಮೊದಲು. ಎಲ್ಲ ಬಗೆಯ ಸಾಧನಗಳಿಗೂ ಹೊಂದುವಂತೆ ಈ ಏರ್ಪಾಡನ್ನು ರಫಾಯೆಲ್ ವಿಸೋಟ್ಸ್ಕಿ ಬರೆದರು. 2009ರ ಡಿಸೆಂಬರ್‌ನ ಲಿನಕ್ಸ್ 2.6.32ರಲ್ಲಿ ಅದು ಸೇರಿತು. ಇಷ್ಟು ಚೆಂದದ ಲೆಕ್ಕಪುಸ್ತಕವನ್ನು ಮೈನಸ್ ಒಂದು ಹಾಕಿ ಒಲೆಗೆ ಎಸೆಯಿರಿ ಅಂತೀರಲ್ಲ!

ಮಾಡಬೇಕಾದ್ದು ಸಣ್ಣ ಕೆಲಸ. ಲಿನಕ್ಸ್ ತನ್ನ ಸಾಧನಗಳನ್ನು ಫೈಲ್‌ಗಳಂತೆ ತೋರಿಸುವ ಸಿಸ್ (/sys) ಫೋಲ್ಡರ್ ಒಳಗೆ ನಿಮ್ಮ ಮೌಸ್ ಹುಡುಕಿ. ಅದರ ಪವರ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಅಂತ ಒಂದು ಫೈಲ್ ಇದೆ. 'ಆಟೋ' ಇದ್ದದ್ದನ್ನು 'ಆನ್' ಮಾಡಿ, ಅಂದರೆ ಮಲಗಬೇಡ ಅಂತ. ರೀಬೂಟ್ ಆದರೆ ಮರೆತುಬಿಡುತ್ತದೆ, ಅದಕ್ಕೆ ಒಂದು ಯುಡೆವ್ ರೂಲ್ ಬರೆದಿಡಿ, ಅಂದರೆ ಮೌಸ್ ಕಾಣಿಸಿದಾಗೆಲ್ಲ ಇದನ್ನು ತಾನಾಗಿ ಮಾಡು ಅನ್ನುವ ಸೂಚನೆ. ವಿಂಡೋಸ್‌ನವರು ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಟಿಕ್ ತೆಗೆದರೆ ಆಯಿತು. ಒಂದನ್ನು ಎಬ್ಬಿಸಿ, ಉಳಿದವರನ್ನು ಮಲಗಲು ಬಿಡಿ!

'ಎಷ್ಟು ಮಹಾ ಉಳಿಯುತ್ತೆ?' ಅಂತ ಇನ್ನೊಬ್ಬರು. ಯುಎಸ್‌ಬಿ 2.0 ನಿಯಮದಲ್ಲಿ ಎದ್ದಿರುವ ಸಾಧನ 500 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. ಮಲಗಿದ್ದು 2.5 ದಾಟಬಾರದು. ನೀವು ಬೆಂಗಳೂರಲ್ಲಿ ಚಾರ್ಜರ್ ಸಿಕ್ಕಿಸಿಕೊಂಡು ಮಾತಾಡುತ್ತೀರಿ. ಇಲ್ಲಿ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತಿಲ್ಲ. ಇನ್ವರ್ಟರ್‌ ಮೇಲೆ ಮೊದಲ ಹಕ್ಕು ಫ್ರಿಜ್‌ನದು, ಅಮ್ಮನ ಆರ್ಡರ್. ನನಗೆ ಉಳಿಯುವುದು ಲ್ಯಾಪ್‌ಟಾಪ್ ಬ್ಯಾಟರಿ ಮಾತ್ರ.

ಅಂದಹಾಗೆ ನಮ್ಮ ತೋಟದ ಕಾಳುಮೆಣಸು ಸ್ವಲ್ಪ ಉಳಿದಿದೆ, ಲಿಂಕ್ ಕೆಳಗಿದೆ. ಒಂದು ಡಬ್ಬಿ ತಗೊಂಡರೆ ಒಂದು ಪ್ರಶ್ನೆಗೆ ಉತ್ತರ ಫ್ರೀ. ಮೈನಸ್ ಒಂದರ ಬ್ರೋಗೆ ಎರಡು ಡಬ್ಬಿ ಕಡ್ಡಾಯ.

ಈಗ ಜಾಣರೊಬ್ಬರು ಕೇಳಿಯೇ ಕೇಳುತ್ತಾರೆ. 'ಮೌಸ್ ಎದ್ದಿದ್ದರೆ ಹಬ್ಬೂ ಎದ್ದಿರಬೇಕು, ಕಂಟ್ರೋಲರ್ರೂ ಎದ್ದಿರಬೇಕು, ನಿಮ್ಮ ರೈಟರ್ ಮನೆಗೆ ಹೋಗಲೇ ಇಲ್ಲವಲ್ಲ ಸಾರ್?' ಗೊತ್ತು ಮಾರಾಯ್ರೇ, ಗೊತ್ತು. ರೈಟರ್ ನಿಂತಿರಲಿ, ಅವರಿಗೆ ಸಂಬಳ ಇದೆ. ಕುಯ್ಲಿನವರಾದರೂ ಲೈನ್ ಮನೆಗೆ ಹೋಗಿ ಮಲಗಲಿ! ಕ್ಯಾಮೆರಾ ಮಲಗಲಿ, ಬ್ಲೂಟೂತ್ ಮಲಗಲಿ! ಒಂದೇ ಒಂದು ಮೌಸ್ ರೀ!

ರೈಟರ್ ಅಂಕಲ್ ಭಾನುವಾರ ಮತ್ತೆ ಬರುತ್ತೇನೆ ಅಂದಿದ್ದಾರೆ. ಮಳೆ ಬಿಟ್ಟರೆ. ಈ ಸಲ ರೆಕಾರ್ಡ್ ಬಟನ್ ಅವರ ಕೈಯಲ್ಲೇ ಒತ್ತಿಸು ಅಂತ ಅಮ್ಮ...

ಹೋಯ್ತು ಕರೆಂಟ್. ಬ್ಯಾಟರಿ 61 ಪರ್ಸೆಂಟ್ ಇದೆ. ಒಂದು ನಿಮಿಷ, ಇದಾದರೂ ರೆಕಾರ್ಡ್ ಆಗ್ತಾ ಇದೆ ತಾನೇ? ಹಾಂ, ಕೆಂಪು ದೀಪ ಇದೆ.